ಸಾಹುಕಾರರ ಎಡೆ

ಸತ್ತು ಒಂಬತ್ತು ದಿನವಾಗಿದ್ದ ಸಾಹುಕಾರ ಹನುಮಂತರಾಯರಿಂದ ಗುಮಾಸ್ತ ಮರುಳಪ್ಪನಿಗೆ ವಾಟ್ಸಾಪ್ ಬಂದಾಗ ಚಳ್ಳಕೆರೆಯ ಎಣ್ಣೆ ಗಿರಣಿಯಲ್ಲಿ ಮಧ್ಯಾಹ್ನದ ಊಟದ ಹೊತ್ತು. ಹೊಸ ನಂಬರು, ಅದೇ ಫೋಟೋ.

'ಮೀಟಿಂಗಿನಲ್ಲಿದ್ದೇನೆ, ಮಾತಾಡಲಾಗದು. ಅರ್ಜೆಂಟಾಗಿ ಗಿಫ್ಟ್ ಕಾರ್ಡ್ ಬೇಕು. ಹಿಂಬದಿಯ ಪಟ್ಟಿ ಕೆರೆದು ನಂಬರು ಕಳಿಸು.'

'ಎಲ್ಲಿದ್ದೀರಿ ಸಾರ್?' ಎಂದು ಮರುಳಪ್ಪನ ಬೆರಳು ತಾನಾಗಿ ಒತ್ತಿತು.

'ತುಂಬಾ ದೊಡ್ಡವರ ಜೊತೆ.'

ಕೈಯಲ್ಲಿದ್ದ ಮುದ್ದೆಯ ತುತ್ತು ಅಲ್ಲೇ ಗಟ್ಟಿಯಾಯಿತು. ಕರೆಂಟಿರಲಿಲ್ಲ. ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ಸಾಹುಕಾರರು, ರಜೆ ಕೇಳಿದವನನ್ನು ನೋಡುವಂತೆ ಅವನನ್ನೇ ನೋಡುತ್ತಿದ್ದರು.

ಕಷ್ಟವೆಂದರೆ ಕಾರ್ಡು ಜೇಬಿನಲ್ಲೇ ಇತ್ತು. ಇಪ್ಪತ್ತು ವರ್ಷದ ದುಡಿಮೆಗೆಂದು ಸಾಹುಕಾರರೇ ಕೈಯಾರೆ ಕೊಟ್ಟ ಎಂಟು ಸಾವಿರದ ಕಾರ್ಡು. ಸಂಜೆ ಅದರಲ್ಲಿ ಹೆಂಡತಿ ರಾಧಮ್ಮನಿಗೆ ಮೊಳಕಾಲ್ಮೂರಿನ ರೇಷ್ಮೆ ಸೀರೆ; ಮದುವೆಯಾದ ವರ್ಷ ಕೊಟ್ಟ ಮಾತು.

ಫೋನು ಎಲ್ಲರ ಕೈ ದಾಟಿ ಬಂತು.

"ಕೊಟ್ಟೋರೇ ವಾಪಸ್ ಕೇಳ್ತಾರೆ ಅಂದ್ರೆ ಇನ್ನೂ ಆಸೆ ಐತೆ ಅಂತ," ಎಂದಳು ಕಸ ಗುಡಿಸುವ ಪಾಪಕ್ಕ. "ಇಲ್ಲ ಅಂದ್ರೆ ಮನೀಗೇ ಬರ್ತಾರೆ ನೋಡು."

"ಅರೆ, ಮೋಸ ಐತೆ ಇದು!" ಎಂದ ಮೆಕ್ಯಾನಿಕ್ ಮಲ್ಲಿಕ್. "ಕಳ್ಳರಿಗೆ ಕಾರ್ಡೇ ಬ್ಯಾಡ, ಆ ನಂಬರು ಕಂಡ್ರೆ ಸಾಕು, ದುಡ್ಡು ಹೋತು. ಕಳಿಸಬ್ಯಾಡ್ರಿ ಮರುಳಪ್ಪಣ್ಣ."

ಮರುಳಪ್ಪನಿಗೆ ಮಲ್ಲಿಕ್‌ನ ಮಾತಿನಲ್ಲಿ ನಂಬಿಕೆ, ಪಾಪಕ್ಕನ ಮಾತಿನಲ್ಲಿ ಭಯ. ಯೋಚಿಸಿ ಎರಡಕ್ಕೂ ಒಂದೇ ಉಪಾಯ ತೆಗೆದ: ನಂಬರು ಕಳಿಸುವುದು ಬೇಡ, ಕಾರ್ಡನ್ನು ಫೋಟೋದ ಮುಂದೆ ಎಡೆ ಇಡುವುದು. ಹಿರಿಯರು ನೋಡಿ ತೃಪ್ತರಾಗುತ್ತಾರೆ; ಆಮೇಲೆ ಎಡೆ ಉಣ್ಣುವವರು ಇಟ್ಟವರೇ ತಾನೆ?

"ಮುಚ್ಚಿದ ಎಡೆ ಇಡ್ತಾರೇನೋ? ಪಟ್ಟಿ ಕೆರಿ," ಎಂದಳು ಪಾಪಕ್ಕ.

ಕೆರೆದ. ತೂಕ ಬರೆಯುವ ಬಾಲರಾಜು ಫೋಟೋ ಹೊಡೆದ; ಸ್ವಂತ ಅಜ್ಜಿಯನ್ನು ಮಣ್ಣು ಮಾಡುವಾಗಲೂ ಹೊಡೆದವನಾದ್ದರಿಂದ ಯಾರೂ ಏನೂ ಅನ್ನಲಿಲ್ಲ. ಪದ್ಧತಿಯಂತೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತರು. ಒಳಗೆ ಸಾಹುಕಾರರ ಕುರ್ಚಿ ಕಿರ್ರೆಂದಿತು.

"ಗಾಳಿ," ಎಂದ ಮಲ್ಲಿಕ್, ಎರಡು ಹೆಜ್ಜೆ ಹಿಂದೆ ಸರಿದು.

ಕಾಲು ಗಂಟೆ ಬಿಟ್ಟು ತೆರೆದರೆ ಕಾರ್ಡು ಇಟ್ಟಲ್ಲೇ ಇತ್ತು. ಮರುಳಪ್ಪ ಕಣ್ಣಿಗೊತ್ತಿಕೊಂಡು ಜೇಬಿಗಿಳಿಸಿದ.

ಸಂಜೆ ಮೊಳಕಾಲ್ಮೂರಿನ ಅಂಗಡಿಯಲ್ಲಿ ರಾಧಮ್ಮ ಸೀರೆ ಹೆಗಲಿಗೇರಿಸಿ ಕನ್ನಡಿಯ ಮುಂದೆ ಮೂರು ಸಲ ತಿರುಗಿದಳು. ಅಂಗಡಿಯವನು ಕಾರ್ಡನ್ನೂ ತಿರುಗಿಸಿ ನೋಡಿದ.

"ಇದ್ರಾಗೆ ಏನೂ ಇಲ್ಲ ಸಾರ್. ಮಧ್ಯಾಹ್ನ ಎರಡೂ ಹತ್ತಕ್ಕೆ ಪೂರ್ತಿ ಖಾಲಿ ಆಗೈತೆ."

ಎರಡೂ ಹತ್ತು. ಆಗ ಅದು ಮುಚ್ಚಿದ ಬಾಗಿಲ ಹಿಂದೆ, ಸಾಹುಕಾರರೊಬ್ಬರ ಮುಂದಿತ್ತು. ರಾಧಮ್ಮ ಸೀರೆ ಇಳಿಸದೆ ಗಂಡನನ್ನೇ ನೋಡಿದಳು. ಅದಕ್ಕಿಂತ ಗೋಡೆಯ ಸಾಹುಕಾರರೇ ವಾಸಿ.

ಫೋನು ಗುಂಯ್‌ಗುಟ್ಟಿತು. ಗಿರಣಿಯ ವಾಟ್ಸಾಪ್ ಗ್ರೂಪಿನಲ್ಲಿ ಮಧ್ಯಾಹ್ನವೇ ಬಿದ್ದಿದ್ದ ಎಡೆಯ ಫೋಟೋ, ಹದಿನಾರು ಅಂಕಿಯೂ ಓದುವಂತೆ. ಕೆಳಗೆ ಈಗಷ್ಟೇ ಸಾಹುಕಾರರ ಉತ್ತರ: 'ತಲುಪಿತು. ಇನ್ನೊಂದು ಕಳಿಸಿ.'

ಮರುಳಪ್ಪ ಬಾಲರಾಜುವಿಗೆ ಫೋನ್ ಹಚ್ಚಿ ಅರಚಿದ. "ಲೇ, ಆ ನಂಬರ್ನ ಗ್ರೂಪಿಗೆ ಯಾವನ್ಲೇ ಸೇರಿಸಿದ್ದು?"

"ನಾನೇ ಅಣ್ಣ," ಎಂದ ಬಾಲರಾಜು. "ಎಡೆ ಇಟ್ಟಿದ್ದು ಸಾವ್ಕಾರ್ರಿಗೆ. ನಾವೆಲ್ಲ ನೋಡಿ, ಅವ್ರೇ ನೋಡದಿದ್ರೆ ಹೆಂಗಣ್ಣ?"