ಹೆಬ್ಬೆರಳು ಏಳದೆ ಜೀಪು ಹೊರಡಲ್ಲ

ಸೊಪ್ಪು ಆಮೇಲೆ ಬಿಡಿಸುವಂತೆ, ಮೊದಲು ಇಲ್ಲಿ ಕೂತ್ಕೊಳ್ಳೇ ಮಗ. ಯುದ್ಧ ಮುಗಿದು ಐವತ್ತು ವರ್ಷದ ಮೇಲಾಯ್ತು, ನನ್ನ ಜಗಳ ಮುಗಿದಿಲ್ಲ. ನಿಮ್ಮ ತಾತ ಯುದ್ಧವಿಮಾನ ಸಜ್ಜು ಮಾಡ್ತಿದ್ದ ಮೆಕ್ಯಾನಿಕ್ಕು. ಹಾರಿದವರಿಗೆ ಹಾರ, ಹಾರಿಸಿದವರಿಗೆ ಹಿಂದಿನ ಕುರ್ಚಿ. ಪ್ರತಿ ಸಲ ಇದೇ!

ಗಾಜು

ನಮ್ಮ ಮರ್ಫಿ ಟೌನ್ ಬೀದಿಗೆ ಹೊಸದಾಗಿ ಬಂದ ಎದುರುಮನೆಯಾಕೆ ಕೇಳಿದ್ಲು, "ಯುದ್ಧದಲ್ಲಿ ನಿಮ್ಮ ಯಜಮಾನ್ರು ಏನ್ಮಾಡ್ತಿದ್ರು ಅಜ್ಜಿ?"

"ವಿಮಾನದ ಗಾಜು ಒರೆಸ್ತಿದ್ರು."

"ಅಷ್ಟೇನಾ?"

ನನಗೆ ಉರಿದೋಯ್ತು. ಗಾಜಿನ ಮೇಲೆ ಒಂದು ಚುಕ್ಕೆ ಕೊಳೆ ಉಳಿದ್ರೂ ಪೈಲಟ್‌ಗೆ ಅದೇ ದೂರದಲ್ಲಿರೋ ಶತ್ರು ವಿಮಾನದ ಹಾಗೆ ಕಾಣತ್ತಂತೆ. "ನಿಮ್ಮನೆ ಕಿಟಕಿ ನೋಡಿದೀನಮ್ಮ," ಅಂದೆ. "ನೀನೇನಾದ್ರೂ ಒರೆಸಿದ್ರೆ ಆ ಪೈಲಟ್‌ಗೆ ಇಡೀ ಸೈನ್ಯಾನೇ ಕಾಣಿಸ್ತಿತ್ತು."

ಟೂಲ್ಸು

ಒಂದು ಸ್ಪ್ಯಾನರ್ ಕಮ್ಮಿ ಬಂದ್ರೂ, ಒಳಗೇ ಉಳಿದಿರಬಹುದು ಅಂತ ತಾತ ವಿಮಾನ ಬಿಡ್ತಿರಲಿಲ್ಲ. ಪೈಲಟ್‌ಗೆ ಬೆಲ್ಟ್ ಕಟ್ಟಿ, ಎಲ್ಲಾ ಸರಿಯಿದ್ರೆ ಮಾತ್ರ ಹೆಬ್ಬೆರಳು ಎತ್ತೋರು; ಅಲ್ಲೀವರೆಗೂ ಪೈಲಟ್ ಯಾವ ಸ್ವಿಚ್ಚೂ ಮುಟ್ಟದೆ ಎರಡೂ ಕೈ ಮೇಲೆತ್ತಿ ಕೂರ್ಬೇಕು. ಹರ್ನಿಯಾ ಆಪರೇಷನ್ ಆಯ್ತಲ್ಲ, ಮಂಪರು ಇಳಿದದ್ದೇ ಡಾಕ್ಟರ ಕೈ ಹಿಡ್ಕೊಂಡು, "ಟೂಲ್ಸ್ ಎಲ್ಲಾ ಎಣಿಸಿದ್ರಾ?" ಅಂದ್ರು.

ಡಾಕ್ಟರು ನಕ್ಕುಬಿಟ್ರು. "ನಗೋದಲ್ಲ ಸಾರ್, ಉತ್ತರ ಹೇಳಿ!" ಅಂತ ನಾನೇ ಗದರಿಸಿದೆ.

"ಎಣಿಸಿದೀವಿ ತಾತ."

"ಹೊಲಿಗೆ ಹಾಕೋಕ್ಕೆ ಮುಂಚೇನೋ, ಆಮೇಲೋ?"

ಜೀಪು

ಹೋದ ವರ್ಷ ಇಂದಿರಾನಗರದಲ್ಲೊಂದು ಸಂಘದವರು ತಾತನ ವಿಮಾನ ಹಾರಿಸ್ತಿದ್ದ ಸಾಹೇಬ್ರಿಗೆ ಸನ್ಮಾನ ಮಾಡಿದ್ರು. ನಮ್ಮನ್ನೂ ಕರೆದು, ಶಾಮಿಯಾನದ ಕೊನೇಲಿ ಜನರೇಟರ್ ಪಕ್ಕ ಕೂರಿಸಿದ್ರು!

"ಮುಂದಿನ ಸಾಲು ಹಾರಿದವರಿಗಮ್ಮ," ಅಂದ ಸೆಕ್ರೆಟರಿ.

"ಅಲ್ಲಿ ಕೂತಿರೋ ಮಾಜಿ ಕಾರ್ಪೊರೇಟರ್ ಎಲ್ಲಿ ಹಾರಿದ್ನಪ್ಪ?"

ಅವನು ಬ್ಯಾಂಡಿನವರನ್ನ ಕರೆಯೋಕೆ ಹೋದ.

ಮೆರವಣಿಗೆಗೆ ಸಾಹೇಬ್ರನ್ನ ತೆರೆದ ಜೀಪಲ್ಲಿ ಕೂರಿಸಿದ್ರು. ಬ್ಯಾಂಡು ಶುರುವಾಯ್ತು. ಸಾಹೇಬ್ರು ಎರಡೂ ಕೈ ಮೇಲೆತ್ತಿ ಕೂತ್ರು. ಜನ ಚಪ್ಪಾಳೆ ತಟ್ಟಿದ್ರು. ಕೈ ಇಳಿಲಿಲ್ಲ.

"ನನ್ನ ಉಸ್ತಾದ್ ಎಲ್ಲಿ? ಬೆಲ್ಟ್ ಕಟ್ಟೋರ್ಯಾರು?" ಅಂದ್ರು ಸಾಹೇಬ್ರು. ತಾತನ್ನ ಅವರು ಕರೀತಿದ್ದದ್ದೇ ಉಸ್ತಾದ್ ಅಂತ.

ಸೆಕ್ರೆಟರಿ ಕಟ್ಟೋಕೆ ಹೋದ, ಕೈ ಮೇಲೆ ಸಾಹೇಬ್ರ ಏಟು ಬಿತ್ತು. ಹಿಂದೆ ಬಸ್ಸುಗಳ ಹಾರ್ನು. ಅವನು ಜನರೇಟರ್ ಹತ್ರ ಓಡಿ ಬಂದ. "ತಾತ, ಪ್ಲೀಸ್ ಬನ್ನಿ!"

"ನಾವು ಹಾರಿದವರಲ್ಲಪ್ಪ," ಅಂದೆ. ಅಷ್ಟರಲ್ಲಿ ತಾತ ಎದ್ದು ಹೊರಟೇಬಿಟ್ಟಿದ್ರು.

ತಾತ ಜೀಪಿಗೆ ಒಂದು ಸುತ್ತು ಬಂದ್ರು. ಟೈರು ಒದ್ದು ನೋಡಿದ್ರು. ಪಕ್ಕದಲ್ಲಿ ನಿಂತಿದ್ದ ಕಾರ್ಪೊರೇಟರ್ ಹೆಗಲ ಮೇಲಿದ್ದ ಜರಿ ಶಾಲು ಎಳ್ಕೊಂಡು ಗಾಜು ಒರೆಸಿದ್ರು. ಸಾಹೇಬ್ರ ಬೆಲ್ಟ್ ಕಟ್ಟಿ, ಜಗ್ಗಿ ನೋಡಿದ್ರು. ಇನ್ನೇನು ಹೆಬ್ಬೆರಳು ಎತ್ಬೇಕು, ಡ್ರೈವರ್ ಕಡೆ ತಿರುಗಿ, "ಟೂಲ್ಸ್ ಎಣಿಸಿದ್ಯಾ?"

ಡ್ರೈವರು ಜಾಕು, ಸ್ಪ್ಯಾನರು ಎಲ್ಲಾ ರಸ್ತೇಲಿ ಹರಡಿ ಎಣಿಸಿದ. ಬ್ಯಾಂಡಿನವರು ನುಡಿಸಿದ್ದನ್ನೇ ನುಡಿಸಿದ್ರು. ಆಮೇಲೆ ಹೆಬ್ಬೆರಳು ಎದ್ದಿತು. ಸಾಹೇಬ್ರು ಸಲ್ಯೂಟ್ ಹೊಡೆದು ಕೈ ಇಳಿಸಿದ್ರು. ಜೀಪು ಹೊರಡ್ತು.

ಸಾಹೇಬ್ರು ಕುಕ್ ಟೌನ್ ಮನೇಲಿ ಆರಾಮಾಗಿದಾರೆ, ಊರಿಗೆ ಹೊರಡೋವಾಗೆಲ್ಲ "ಹೊರಡ್ಲಾ ಉಸ್ತಾದ್?" ಅಂತ ತಾತನಿಗೆ ಫೋನ್ ಮಾಡ್ತಾರೆ. ಎದುರುಮನೆಯಾಕೆ ಕಿಟಕಿ ಒರೆಸೋದು ಕಲಿತಿದಾಳೆ. ಕಾರ್ಪೊರೇಟರ್‌ಗೆ ಶಾಲು ವಾಪಸ್ ಸಿಗಲಿಲ್ಲ. ಸೆಕ್ರೆಟರಿ ಈ ವರ್ಷ ತಾನೇ ತಾತನಿಗೆ ಮುಂದಿನ ಸಾಲಲ್ಲಿ ಕುರ್ಚಿ ಹಾಕಿಸಿದ. ತಾತ ಕೂರಲಿಲ್ಲ. ಕುರ್ಚಿಯ ನಾಲ್ಕೂ ಕಾಲು ಅಲ್ಲಾಡಿಸಿ ನೋಡಿ, ನನ್ನ ಕಡೆ ತಿರುಗಿ ಹೆಬ್ಬೆರಳು ಎತ್ತಿದ್ರು.

ನಾನು ಕೂತೆ.