ಗಾರೆ ಮೇಸ್ತ್ರಿಯ ಮಗ ಹೊಡೆದ ಗೋಲುಗಳು

ಹಲಸೂರಿನಲ್ಲಿ ನಾನೊಂದು ಫುಟ್‌ಬಾಲ್ ತಂಡ ನೋಡಿಕೊಳ್ಳುತ್ತಿದ್ದೆ. ಜೋಕು ಹೇಳುವ ಅಭ್ಯಾಸ ನನಗಿಲ್ಲ. ಅಗತ್ಯವೂ ಬೀಳಲಿಲ್ಲ. ಭಾನುವಾರ ಬಂತೆಂದರೆ ಮೈದಾನದಲ್ಲಿ ಏನಾದರೂ ಆಗಿಯೇ ಆಗುತ್ತಿತ್ತು.

ಮುಂದೆ ದೇಶಕ್ಕೆ ಆಡಿದ ಒಬ್ಬ ದೊಡ್ಡ ಆಟಗಾರ ನನ್ನ ತಂಡದಿಂದ ಹೋದವನು. ಪತ್ರಿಕೆಯವರು ಬಂದು ಅವನ ಯಶಸ್ಸಿನ ಗುಟ್ಟು ಕೇಳುತ್ತಾರೆ. "ಅವರಪ್ಪ" ಎನ್ನುತ್ತೇನೆ. ಬರೆದುಕೊಂಡು ಹೋಗುತ್ತಾರೆ. ಪೂರ್ತಿ ಯಾರೂ ಕೇಳುವುದಿಲ್ಲ.

ಹುಡುಗನ ಮನೆಯವರು ರಾಯಚೂರು ಕಡೆಯವರು. ತೊಂಬತ್ತರ ದಶಕದಲ್ಲಿ ಕೆಲಸ ಹುಡುಕಿಕೊಂಡು ಬಂದು ಜೋಗುಪಾಳ್ಯದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದರು. ಅಪ್ಪ ಗಾರೆ ಮೇಸ್ತ್ರಿ. ಹದಿನೆಂಟು ತುಂಬಿದ ಮಗನನ್ನು ಕರೆದುಕೊಂಡು ಒಂದು ದಿನ ನನ್ನ ಮುಂದೆ ನಿಂತರು.

"ಈ ಲೀಗ್ ಮುಗಿಯೂತನ ಆಡ್ಲಿರಿ ಸರ. ಅಷ್ಟರಾಗ ರಾಜ್ಯದ ಟೀಮಿನವರು ತಗೊಂಡ್ರ ಸರಿ. ಇಲ್ಲಾಂದ್ರ ನನ್ನ ಕೂಡ ಗಾರಿ ಕೆಲಸಕ್ಕ ಕರಣಿ ಹಿಡೀತಾನ."

ಮಗ ನನ್ನ ಮುಖ ನೋಡಿದ. ನಾನು ಅವನ ಕಾಲು ನೋಡಿದೆ. ಬರಿಗಾಲು.

೧. ಹೊಸ ಬೂಟು

ಒಂದು ಜೊತೆ ಬೂಟು ಕೊಟ್ಟೆ. ಮರುದಿನವೂ ಬರಿಗಾಲಲ್ಲೇ ಬಂದ.

"ಬೂಟೆಲ್ಲಿ?"

"ದೇವ್ರ ಮುಂದ ಅದಾವ್ರಿ. ಅಮಾಸಿ ಕಳೀಲಿ ಅಂದಾಳ ಅವ್ವ."

ಅಮಾವಾಸ್ಯೆ ಕಳೆಯಿತು. ಪಂದ್ಯದ ದಿನ ಬೂಟು ಬಂತು. ಮೂತಿಗೆ ಅರಿಶಿನ, ಕುಂಕುಮ, ವಿಭೂತಿ. ಹೊಸ ಲಾರಿಗೆ ಮಾಡುವಂತೆ ಎರಡು ನಿಂಬೆಹಣ್ಣು ತುಳಿದೇ ಆಟಕ್ಕಿಳಿಯಬೇಕೆಂದು ತಾಯಿಯ ಅಪ್ಪಣೆ. ಮೈದಾನದ ಗೆರೆಯ ಮೇಲೆ ಹಣ್ಣಿಟ್ಟ, ತುಳಿದ.

ರೆಫರಿ ಕಂಟೋನ್ಮೆಂಟಿನ ಹಳೆಯ ಮನುಷ್ಯ. ಎಲ್ಲ ನೋಡಿದವರು. ನನ್ನ ಬಳಿ ಬಂದರು.

"ಹೊಸ ಗಾಡಿನಾ?"

"ಹೌದು."

"ಬ್ರೇಕ್ ಇದೆಯೇನ್ರೀ?"

ಅವನು ಅಲ್ಲಿಯವರೆಗೆ ಬೂಟು ಹಾಕಿದವನಲ್ಲ. ಗೊತ್ತಿಲ್ಲ ಎಂದೆ. ಐದನೇ ನಿಮಿಷಕ್ಕೆ ಅವನು ಚೆಂಡನ್ನು ಗೋಲಿಗೆ ಹೊಡೆದ. ಹಾಗೇ ಜಾರಿಕೊಂಡು ಹೋಗಿ ಲೈನ್‌ಮನ್ನಿಗೆ ಗುದ್ದಿದ. ರೆಫರಿ ಗೋಲು ಕೊಟ್ಟರು. ತಾಯಿ ಕಳಿಸಿದ್ದರಲ್ಲಿ ಉಳಿದ ನಿಂಬೆಹಣ್ಣಿನ ಶರಬತ್ತನ್ನು ಲೈನ್‌ಮನ್ನಿಗೆ ಕೊಟ್ಟೆವು.

೨. ಗೋಡೆ

ಮೇಸ್ತ್ರಿ ಆಗ ಇಂದಿರಾನಗರದಲ್ಲಿ ಒಂದು ಮನೆ ಕಟ್ಟುತ್ತಿದ್ದರು. ಮಗ ಸಂಜೆ ಅಲ್ಲಿಗೆ ಹೋಗಿ ಕಾಂಪೌಂಡ್ ಗೋಡೆಗೆ ಚೆಂಡು ಒದೆಯುತ್ತಿದ್ದ. ಮನೆಯ ಯಜಮಾನರು ನನ್ನನ್ನು ಕರೆಸಿದರು.

"ಏನ್ರೀ ಇದು, ಹೊಸಾ ಗೋಡೆ. ನಿಮ್ಮ ಹುಡುಗ ಒಂದು ವಾರದಿಂದ ಒದೀತಿದಾನೆ."

ನಾನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಬಂದರು. ಗೋಡೆ ಸವರಿದರು.

"ವಾರ ಒದ್ದಾನ. ಎಲ್ಲಾರ ಬಿರುಕು ಅದಾವೇನು, ತೋರಸ್ರಿ."

ಯಜಮಾನರು ಹುಡುಕಿದರು. ಇರಲಿಲ್ಲ. ಪಕ್ಕದ ಸೈಟಿನವರೂ ಬಂದು ನೋಡಿದರು. ತಮ್ಮ ಮನೆಯ ಕೆಲಸವನ್ನೂ ಮೇಸ್ತ್ರಿಗೇ ಕೊಟ್ಟರು, ಒಂದು ಷರತ್ತಿನ ಮೇಲೆ: ಮಗ ಬಂದು ಒದ್ದು ತೋರಿಸಬೇಕು. ಅವನ ಎಡಗಾಲು ಪಳಗಿದ್ದು ಅಲ್ಲಿಯೇ. ಬಲಗಾಲು ಬೀಸುವ ಕಡೆ ಜಲ್ಲಿ ರಾಶಿ ಇತ್ತು.

೩. ಕಂಬ

ಲೀಗಿನ ಕೊನೆಯ ಪಂದ್ಯ. ರಾಜ್ಯ ತಂಡಕ್ಕೆ ಆರಿಸುವವರು ಬಂದು ಕುರ್ಚಿಯಲ್ಲಿ ಕೂತಿದ್ದರು. ಇವತ್ತು ಇಲ್ಲದಿದ್ದರೆ ನಾಳೆ ಕರಣೆ. ಮೇಸ್ತ್ರಿ ಕೆಲಸದಿಂದ ನೇರ ಬಂದಿದ್ದರು. ಮಗನ ಪಂದ್ಯ ನೋಡುವುದು ಅವರಿಗೆ ಅದೇ ಮೊದಲು.

ಮೊದಲರ್ಧದಲ್ಲಿ ಮಗ ಎರಡು ಸಲ ಗೋಲಿಗೆ ಹೊಡೆದ. ಎರಡೂ ಮೇಲಿನ ಅಡ್ಡಕಂಬಕ್ಕೆ ಬಡಿದು ವಾಪಸ್ ಬಂದವು. ಒಂದೇ ಜಾಗ.

ವಿರಾಮಕ್ಕೆ ಸೀಟಿ ಊದಿದ್ದೇ ತಡ, ಮೇಸ್ತ್ರಿ ಸೈಕಲ್ಲಿನ ಚೀಲದಿಂದ, ಗೋಡೆ ನೆಟ್ಟಗಿದೆಯೇ ಎಂದು ನೋಡುವ, ದಾರಕ್ಕೆ ಕಟ್ಟಿದ ಗುಂಡು ತೆಗೆದುಕೊಂಡು ಮೈದಾನಕ್ಕಿಳಿದರು. ಎರಡೂ ಗೋಲುಕಂಬಕ್ಕೆ ಗುಂಡು ಬಿಟ್ಟು, ಅದೇ ದಾರದಲ್ಲಿ ಎತ್ತರ ಅಳೆದರು.

ರೆಫರಿ ಓಡಿ ಬಂದರು. "ಯಾರ್ರೀ ನೀವು?"

"ಮೇಸ್ತ್ರಿ."

ಮೈದಾನದ ಮೇಸ್ತ್ರಿಯೇ ಇರಬೇಕೆಂದು ರೆಫರಿ ಪಕ್ಕಕ್ಕೆ ಸರಿದರು.

"ಎಡಗಡಿ ಕಂಬ ನಾಕು ಬೆರಳು ಇಳದೈತ್ರಿ. ನನ್ನ ಮಗಂದು ತಪ್ಪಿಲ್ಲ."

ನೋಡಿದೆವು. ಇಳಿದಿತ್ತು. ಇಟ್ಟಿಗೆ ಚೂರು ತರಿಸಿದರು. ನಮ್ಮ ಆಟಗಾರರು ಕಂಬ ಎತ್ತಿ ಹಿಡಿದರು. ಮೇಸ್ತ್ರಿ ಕೆಳಗೆ ಇಟ್ಟಿಗೆ ಬಿಗಿದು, ಮಣ್ಣು ತುಳಿದು, ಅಡ್ಡಕಂಬವನ್ನು ಮಟ್ಟಕ್ಕೆ ತಂದರು. ಕಂಬ ಎತ್ತಿದವರಲ್ಲಿ ನಾನೂ ಒಬ್ಬ. ಮೂವತ್ತು ವರ್ಷದ ಅನುಭವ ನನ್ನದು. ವಿರಾಮದ ಮೇಲೆ ತಂಡಗಳು ಕಡೆ ಬದಲಾಯಿಸುತ್ತವೆ ಎಂಬುದು ತಲೆಗೆ ಹೊಳೆಯಲಿಲ್ಲ.

ಈಗ ಅದು ನಮ್ಮ ಗೋಲು.

ಎದುರಾಳಿಯ ಮೊದಲ ಹೊಡೆತವೇ ಎಡಗಡೆ ಅಡ್ಡಕಂಬದ ಕೆಳಗೆ, ಆ ನಾಲ್ಕು ಬೆರಳಿನಲ್ಲಿ ತೂರಿ ಒಳಗೆ ಹೋಯಿತು. ನಮ್ಮ ಗೋಲ್‌ಕೀಪರ್ ಅಲ್ಲಿಂದಲೇ ಕೂಗಿದ: "ಸಾರ್, ಹಳೇ ಹೈಟೇ ಚೆನ್ನಾಗಿತ್ತು."

ಮೇಸ್ತ್ರಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕೂತರು. ಮಗ ಅವರ ಕಡೆ ಒಮ್ಮೆ ನೋಡಿದ. ಕೊನೆಯ ಹತ್ತು ನಿಮಿಷದಲ್ಲಿ ಎರಡು ಗೋಲು ಹೊಡೆದ. ಎರಡೂ ಹುಲ್ಲಿಗೆ ಅಂಟಿಕೊಂಡು ಉರುಳಿ ಹೋದ ಚೆಂಡುಗಳು. ಗೆದ್ದೆವು. ಕುರ್ಚಿಯವರು ಅವನ ಹೆಸರು ಬರೆದುಕೊಂಡರು.

ಮೇಸ್ತ್ರಿಯನ್ನು ಕೇಳಿದೆ: "ನಾಳೆ ಕರಣೆನಾ?"

"ಬ್ಯಾಡ್ರಿ. ಅಪ್ಪ ಕೆಡಿಸಿದ್ದನ್ನ ಮಗ ಕಟ್ಯಾನ. ಇನ್ನ ನಾ ಏನು ಕಲಸ್ಲಿ."

ಮಗನನ್ನು ಕರೆದೆ. ಅವನು ಯಾವಾಗಲೂ ಚೆಂಡು ಎತ್ತಿ ಹೊಡೆಯುವವನು. "ಎರಡನ್ನೂ ನೆಲದ ಮೇಲೇ ಹೊಡೆದೆಯಲ್ಲ, ಯಾಕೆ?"

ಅವನು ದೂರದ ಗೋಲುಕಂಬ ನೋಡಿದ. ದನಿ ತಗ್ಗಿಸಿದ.

"ಆ ಕಡಿ ಕಂಬ ಅಪ್ಪ ಇನ್ನಾ ನೋಡಿಲ್ರಿ ಸರ."