ಏರಿಳಿವಿಲ್ಲದ ದನಿ

ಶಂಭುಲಿಂಗನ ದನಿಗೆ ಏರೂ ಇರಲಿಲ್ಲ, ಇಳಿವೂ ಇರಲಿಲ್ಲ. ಹಂಸಭಾವಿ ದಾಟಿದ ಮೇಲೆ ಸಿಗುವ ಆ ಊರಿನಲ್ಲಿ ಹದಿನೆಂಟು ವರ್ಷದಿಂದ ಪಂಚಾಯ್ತಿಯ ಆಟೊದಲ್ಲಿ ಕೂತು, ಮೈಕು ಹಿಡಿದು ಸುದ್ದಿ ಸಾರುವುದೇ ಅವನ ಕೆಲಸ. ಮದುವೆಯಾಗಲಿ, ಮಣ್ಣಾಗಲಿ, ಹಿಟ್ಟಿನ ಗಿರಣಿಯಂತೆ ಒಂದೇ ಸಮ ಗುಂಯ್ ಎನ್ನುತ್ತಿದ್ದ. ಊರಿನವರು ಕೇಳಿ ಕೇಳಿ, ಕೊನೆಗೆ ಕೇಳುವುದನ್ನೇ ಬಿಟ್ಟಿದ್ದರು. ಅವನು ಮಾತ್ರ ತನ್ನ ದನಿಯಿಂದಲೇ ಊರು ನಡೆಯುತ್ತಿದೆ ಎಂದು ನಂಬಿದ್ದ.

ಒಂದು ದಿನ ಎಡವಟ್ಟಾಯಿತು. ಅಧ್ಯಕ್ಷ ಕುಬೇರಪ್ಪನವರ ಹೊಸ ಮನೆಯ ಗೃಹಪ್ರವೇಶ, ಲಕ್ಕಪ್ಪಜ್ಜ ತೀರಿಕೊಂಡ ಸುದ್ದಿ, ಎರಡನ್ನೂ ಅವನು ಒಂದೇ ಉಸಿರಿನಲ್ಲಿ ಓದಿದ. ಅರೆಬರೆ ಕಿವಿಗೆ ಬಿದ್ದದ್ದನ್ನೇ ನಂಬಿ ಅರ್ಧ ಊರು ಹೂವಿನ ಹಾರ ಹಿಡಿದು, ತಲೆ ತಗ್ಗಿಸಿ ಕುಬೇರಪ್ಪನವರ ಬಾಗಿಲಿಗೆ ಬಂತು. ಒಬ್ಬಾಕೆ ಅಧ್ಯಕ್ಷರ ಹೆಂಡತಿಯನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ಇನ್ನರ್ಧ ಊರು ಲಕ್ಕಪ್ಪಜ್ಜನ ಅಂಗಳದಲ್ಲಿ ನಿಂತು, ಪಂಕ್ತಿ ಎಲ್ಲಿ ಹಾಕಿದ್ದಾರೆಂದು ವಿಚಾರಿಸಿತು.

"ನಾಳಿ ಒಂದ ದಿನ ನೋಡ್ತೇನಿ, ಶಂಭು," ಎಂದರು ಕುಬೇರಪ್ಪ. "ದನಿಯಾಗ ಒಂದೀಟು ಭಾವ ಬರ್ಲಿಲ್ಲಂದ್ರ ನಾಡದ್ದಿನಿಂದ ಬ್ಯಾರೇದಾವ ಮೈಕ್ ಹಿಡೀತಾನ."

ಬೆಳಗಾಗುವುದರೊಳಗೆ ಈ ಮಾತು ಓಣಿಗೆಲ್ಲ ಗೊತ್ತಾಗಿತ್ತು. ಉಪದೇಶಕ್ಕೇನು ಬರ? ಯಾವುದೋ ಕಾಲದಲ್ಲಿ ನಾಟಕದ ಮಂತ್ರಿಯಾಗಿದ್ದ ಪರಮೇಶ್ವರಪ್ಪ ಮಾಸ್ತರರು ಹಲ್ಲುಜ್ಜುತ್ತಲೇ ಬಂದರು.

"ಕೆಟ್ಟ ಸುದ್ದಿಗೆ ಗಂಟಲು ಕಟ್ಟಬೇಕೋ ತಮ್ಮಾ, ಛಲೋ ಸುದ್ದಿಗೆ ನಗಿ ಉಕ್ಕಬೇಕು. ಎದಿಯಿಂದ ಬರ್ಲಿ."

"ಮೊದಲ ನನಗ ಚಾ ಕೇಳಿ ನೋಡ್ರಿ," ಎಂದಳು ಹೆಂಡತಿ ಸರೋಜವ್ವ. "ಭಾವ ಬಂತಂದ್ರ ಕೊಡ್ತೇನಿ."

ಅವನು ಮೂರು ಸಲ ಕೇಳಿದ. ಚಹಾ ಸಿಗಲಿಲ್ಲ.

ಅಂದಿನ ಮೊದಲ ಸುದ್ದಿ, ಊರಿಗೆ ನೀರೆತ್ತುವ ಮೋಟಾರು ಸುಟ್ಟಿದೆ, ಎರಡು ದಿನ ನಳಕ್ಕೆ ನೀರಿಲ್ಲ ಎಂಬುದು. ಊರಿನ ಅಗಸಿಬಾಗಿಲ ಹತ್ತಿರ ಆಟೊ ನಿಲ್ಲಿಸಿಕೊಂಡು, ಎದೆಯ ಮೇಲೆ ಕೈಯಿಟ್ಟು, "ಸುಟ್ಟು... ಹೋಗಿದೆ..." ಎಂದು ಶಂಭುಲಿಂಗ ಬಿಕ್ಕಿದ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಆ ದನಿ ಒಡೆದದ್ದು ಕೇಳಿ ಓಣಿಗೆ ಓಣಿಯೇ ಗಾಬರಿಯಾಯಿತು. "ಯಾರ ಮನಿ ಸುಟ್ಟೈತೋ ಯಪ್ಪಾ," ಎನ್ನುತ್ತ ಗುತ್ತೆವ್ವ ಕೊಡ ಎತ್ತಿಕೊಂಡು ಓಡಿಬಂದಳು. ಅವಳ ಹಿಂದೆ ಎಲ್ಲರೂ ಓಡಿದರು. ಮನೆಮನೆಯಲ್ಲಿ ತುಂಬಿಟ್ಟಿದ್ದ ನೀರನ್ನೆಲ್ಲ ತಂದು, ಹೊಗೆ ಕಾಣುತ್ತಿದ್ದ ಒಂದೇ ಒಂದು ಜಾಗಕ್ಕೆ, ಅಂದರೆ ಸಿರಾಜುದ್ದೀನನ ಮಿರ್ಚಿ ಭಜಿಯ ಒಲೆಗೆ, ಸುರಿದರು. ಎಣ್ಣೆ ಇನ್ನೂ ಇಟ್ಟಿರಲಿಲ್ಲ, ಪುಣ್ಯ. ಎರಡು ದಿನ ನೀರಿಲ್ಲವೆಂಬುದು ಅವರಿಗೆ ತಿಳಿದದ್ದು ಆಮೇಲೆ.

ಎರಡನೆಯದು ದನಗಳಿಗೆ ಲಸಿಕೆ. ಇದು ಛಲೋ ಸುದ್ದಿಯಾದ್ದರಿಂದ ಶಂಭುಲಿಂಗ ಬಾಯ್ತುಂಬ ನಗುತ್ತ, "ಬರ್ರಿ, ತಪ್ಪದ ಬರ್ರಿ," ಎಂದು ಬೀಗರನ್ನು ಕರೆದಂತೆ ಕರೆದ. ದನದ ಡಾಕ್ಟರು ಸೂಜಿ ಹಿಡಿದು ಶಾಲೆಯ ಬಯಲಿಗೆ ಬಂದರೆ ಒಂದು ಎಮ್ಮೆಯೂ ಇಲ್ಲ. ಇಸ್ತ್ರಿ ಸೀರೆ ಉಟ್ಟ ಹೆಂಗಸರು ಮಕ್ಕಳ ಕೈಗೆ ತಾಟು ಕೊಟ್ಟು ಸಾಲಾಗಿ ಕೂತಿದ್ದರು.

"ಶಂಭಣ್ಣ, ಗಾಡಿ ಹೊಳ್ಳಿಸ್ತೇನ್ರಿ," ಎಂದ ಆಟೊ ಓಡಿಸುವ ಅಲ್ಲಾಭಕ್ಷ. "ಜನ ಕಲ್ಲು ಹುಡುಕಾಕತ್ತಾರ."

ಮಧ್ಯಾಹ್ನದ ಹೊತ್ತಿಗೆ ಪಂಚಾಯ್ತಿಯ ಅಂಗಳ ತುಂಬಿತ್ತು. ಸಿರಾಜುದ್ದೀನ ಒದ್ದೆ ಒಲೆಯನ್ನೇ ಹೊತ್ತು ತಂದಿದ್ದ.

"ನಮಗ ಹಳೀ ದನೀನ ಬೇಕ್ರಿ ಅಧ್ಯಕ್ಷರ," ಎಂದ ಅವನು. "ಅದರಿಂದ ಯಾರಿಗೂ ತ್ರಾಸ ಇದ್ದಿಲ್ಲ. ಯಾಕಂದ್ರ ಅದನ್ನ ಯಾರೂ ಕೇಳ್ತಿದ್ದಿಲ್ಲ."

ಸುದ್ದಿ ಸಾರುವವನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಶಂಭುಲಿಂಗನಿಗೆ ಮಾತ್ರ ಅದು ಹೊಗಳಿಕೆಯಾಗಿ ಕೇಳಿಸಿತು. ಕುಬೇರಪ್ಪ ಕಂಪ್ಯೂಟರಿನ ಮುಂದೆ ಕೂತಿದ್ದ ಪಂಚಾಯ್ತಿಯ ಆಪರೇಟರ್ ತನುಜಾಳೊಂದಿಗೆ ಏನೋ ಪಿಸುಗುಟ್ಟಿ ಬಂದು, "ಆತು ಬಿಡು, ಇನ್ನ ಮ್ಯಾಲ ನಿನ್ನ ಹಳೀ ದನೀನ ಖಾಯಂ," ಎಂದರು.

ಅವನ ಕಣ್ಣಲ್ಲಿ ನೀರು ಬಂತು.

"ಕಾಕಾ, ಇಲ್ಲಿ ಕುಂತು ಇದನ್ನೆಲ್ಲಾ ಓದಿಬಿಡ್ರಿ," ಎಂದು ತನುಜಾ ಮೈಕು ಸರಿಸಿದಳು. ಏಳು ವಾರಗಳ ಹೆಸರು, ಒಂದರಿಂದ ನೂರು, ಎಲ್ಲ ಓಣಿಗಳು, ಇಂದು, ನಾಳೆಯಿಂದ, ಬರುತ್ತದೆ, ಬರುವುದಿಲ್ಲ, ತೀರಿಕೊಂಡಿದ್ದಾರೆ, ಸಾರ್ವಜನಿಕರು ಸಹಕರಿಸಬೇಕು, ಜೊತೆಗೆ ಇಡೀ ಮತದಾರರ ಪಟ್ಟಿ. ಖಾಯಂ ಕೆಲಸಕ್ಕೆ ಇದೇನೋ ಪರೀಕ್ಷೆಯೆಂದುಕೊಂಡು ಅವನು ಸಂಜೆಯವರೆಗೆ, ತನ್ನ ಹೆಸರನ್ನೂ ಬಿಡದೆ, ಒಂದೇ ಸಮ ಓದಿದ.

"ಬ್ಯಾರೇದವ್ರ ದನಿ ಆಗಿದ್ರ ಜೋಡ್ಸಾಕ ಬರ್ತಿದ್ದಿಲ್ರಿ ಕಾಕಾ," ಎಂದಳು ತನುಜಾ, ನಿಜವಾದ ಮೆಚ್ಚುಗೆಯಿಂದ. "ನಿಮ್ಮದು ಎಲ್ಲಿ ಕತ್ತರಿಸಿ ಎಲ್ಲಿ ಹಚ್ಚಿದ್ರೂ ಗೊತ್ತಾಗಂಗಿಲ್ಲ. ಇನ್ನ ಬೇಕಾದ ಸುದ್ದಿ ಕಂಪ್ಯೂಟರನ್ಯಾಗ ಮಾಡ್ಬಹುದು."

"ಹಂಗಾದ್ರ ನಾಳಿ ನಾ ಎಷ್ಟಕ್ಕ ಬರ್ಲಿ?"

ಕುಬೇರಪ್ಪ ಅವನ ಹೆಗಲಿಗೆ ಒಂದು ಶಾಲು ಹೊದಿಸಿದರು.

ಅವನು ಶಾಲು ಹೊದ್ದು ಮನೆಯ ಹೊಸ್ತಿಲಿಗೆ ಬರುವಾಗ ಅಲ್ಲಾಭಕ್ಷನ ಆಟೊ ಅವನನ್ನು ದಾಟಿ ಹೋಯಿತು. ಹಿಂದಿನ ಸೀಟಿನಲ್ಲಿ ಯಾರೂ ಕೂತಿರಲಿಲ್ಲ. ಅವನದೇ ದನಿ ಮಾತ್ರ, ಏರದೆ, ಇಳಿಯದೆ, ಓಣಿಯ ತುಂಬ ಸಾರುತ್ತಿತ್ತು:

"ನಾಳೆಯಿಂದ... ಶಂಭುಲಿಂಗ... ಬರುವುದಿಲ್ಲ... ಸಾರ್ವಜನಿಕರು ಸಹಕರಿಸಬೇಕು."

ಓಣಿಯಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಸರೋಜವ್ವ ರೊಟ್ಟಿ ಬಡಿಯುತ್ತಲೇ ಗಂಡನನ್ನು ಕೇಳಿದಳು:

"ಅದೇನಂತ್ರಿ, ನಾಳಿ ಕರೆಂಟ್ ತಗೀತಾರಂತೇನು?"